ಪೇಂಟ್‌ಗೆ ಗೀರು ಬೀಳದಂತೆ ಕಾರಿನ ಹಳೆಯ ಲೋಗೋ ಬದಲಿಸುವುದು ಹೇಗೆ?

ಪ್ರಶ್ನೆ: ನನ್ನ ಕಾರಿನ ಡಿಕ್ಕಿ ಮೇಲಿರುವ ಲೋಗೋದ ಕ್ರೋಮ್ ಸುಲಿದು ಹೋಗಿದೆ. ಪಕ್ಕದಲ್ಲಿರುವ ಹೆಸರಿನ ಅಕ್ಷರಗಳೂ ಮಂಕಾಗಿವೆ. ಇವನ್ನು ನಾನೇ ಕಿತ್ತು ಹೊಸದು ಅಂಟಿಸಬಹುದಾ? ಪೇಂಟ್ ಕಿತ್ತು ಬಂದರೆ ಏನು ಮಾಡಲಿ ಅನ್ನೋ ಭಯ.

ಉತ್ತರ: ಖಂಡಿತ ಮಾಡಬಹುದು. ಫ್ಯಾಕ್ಟರಿಯಲ್ಲಿ ಹೊಡೆದ ಪೇಂಟ್ ಗಟ್ಟಿಯಾಗಿರುತ್ತದೆ, ಟೇಪಿನ ಜೊತೆ ಎದ್ದು ಬರುವುದು ಅಪರೂಪ. ಹೆಚ್ಚಿನವರ ಪೇಂಟ್ ಹಾಳಾಗುವುದು ಸ್ಕ್ರೂಡ್ರೈವರ್ ತುದಿಯಿಂದ. ಆದರೆ ಆ ಭಾಗಕ್ಕೆ ಹಿಂದೆ ಯಾವಾಗಲಾದರೂ ಹೊರಗಡೆ ಪೇಂಟ್ ಮಾಡಿಸಿದ್ದರೆ ನಿಮ್ಮ ಭಯ ಸರಿಯೇ. ಅಂಥ ಪೇಂಟ್ ಸರಿಯಾಗಿ ಕಚ್ಚಿರದಿದ್ದರೆ ಪದರವಾಗಿ ಏಳಬಹುದು. ಆಗ ಪೇಂಟ್ ಕೆಲಸ ಗೊತ್ತಿರುವವರ ಕೈಗೆ ಬಿಡುವುದೇ ವಾಸಿ.

ಕೈ ಹಾಕುವ ಮೊದಲು ಲೋಗೋವನ್ನು ಹಿಡಿದಿರುವುದು ಏನು ಅಂತ ನೋಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಬಹುತೇಕ ಲೋಗೋಗಳು ಕ್ರೋಮ್ ಲೇಪಿಸಿದ ಎಬಿಎಸ್ ಪ್ಲಾಸ್ಟಿಕ್‌. ಅವುಗಳ ಬೆನ್ನಿಗೆ ಫೋಮ್ ಇರುವ ಡಬಲ್ ಸೈಡ್ ಟೇಪ್ ಇರುತ್ತದೆ. ಕೆಲವಕ್ಕೆ ಟೇಪಿನ ಜೊತೆ ಒಂದೆರಡು ಸಣ್ಣ ಪಿನ್‌ಗಳೂ ಇದ್ದು, ಅವು ಬಾಡಿಯ ತೂತುಗಳಲ್ಲಿ ಕೂತಿರುತ್ತವೆ. ಇನ್ನು ಕೆಲವನ್ನು ಒಳಗಿನಿಂದ ನಟ್ ಅಥವಾ ಕ್ಲಿಪ್ ಹಾಕಿ ಬಿಗಿದಿರುತ್ತಾರೆ. ಅವನ್ನು ಹೊರಗಿನಿಂದ ಎಳೆದರೆ ಬರುವುದಿಲ್ಲ. ಡಿಕ್ಕಿ ಬಾಗಿಲಿನ ಒಳಕವಚ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಹೊಸ ಲೋಗೋ ತರಿಸುವಾಗಲೂ ಇದನ್ನು ಹೊಂದಿಸಿ. ತೂತಿರುವ ಜಾಗಕ್ಕೆ ಪಿನ್ ಇಲ್ಲದ ಲೋಗೋ ಅಂಟಿಸಿದರೆ ನೀರು ಒಳಗಿಳಿದು ತುಕ್ಕು ಹಿಡಿಯಬಹುದು.

ಎಲ್ಲಾ ಲೋಗೋಗಳೂ ಬರೀ ಅಲಂಕಾರಕ್ಕಲ್ಲ. ಮುಂದಿನ ಕಾರಿನಿಂದ ಅಂತರ ಕಾಯ್ದುಕೊಂಡು ತಾನೇ ವೇಗ ಹೊಂದಿಸುವ ಕ್ರೂಸ್ ಕಂಟ್ರೋಲ್ ಇರುವ ಕೆಲವು ಕಾರುಗಳಲ್ಲಿ ಮುಂಭಾಗದ ಲೋಗೋ ಹಿಂದೆಯೇ ರೇಡಾರ್ ಇರುತ್ತದೆ. ಆ ಲೋಗೋವನ್ನು ರೇಡಾರ್ ಅಲೆ ಹಾಯುವಂತೆ ತಯಾರಿಸಿರುತ್ತಾರೆ. ಅದರ ಜಾಗದಲ್ಲಿ ಸಾಧಾರಣ ಲೋಗೋ ಹಾಕಿದರೆ ರೇಡಾರಿನ ಕಣ್ಣು ಕಟ್ಟಿದ ಹಾಗೆ. ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಹಿಂದಿನ ಲೋಗೋವೇ ಡಿಕ್ಕಿ ತೆಗೆಯುವ ಹಿಡಿ. ಇಂಥವನ್ನು ಮೀಟಿ ಎಬ್ಬಿಸಬೇಡಿ.

ನಿಮ್ಮದು ಬರೀ ಟೇಪಿನದು ಅಂತ ಖಾತ್ರಿಯಾಯಿತು ಅಂದುಕೊಳ್ಳೋಣ. ಮೊದಲು ಆ ಜಾಗವನ್ನು ಚೆನ್ನಾಗಿ ತೊಳೆದು ಒರೆಸಿ. ದೂಳು ಉಳಿದರೆ ದಾರ ಆಡಿಸುವಾಗ ಅದೇ ಗೀರು ಎಳೆಯುತ್ತದೆ. ಆಮೇಲೆ ಲೋಗೋದ ಕೆಳಗೆ ಮತ್ತು ಪಕ್ಕದಲ್ಲಿ, ಅಂಚಿಗೆ ತಾಗುವಂತೆ ಮಾಸ್ಕಿಂಗ್ ಟೇಪ್ ಹಚ್ಚಿ. ಅಕ್ಷರಗಳಿದ್ದರೆ ಕೆಳಗಿನ ಸಾಲನ್ನು ಟೇಪಿನಿಂದ ಗುರುತಿಸಿ, ಪ್ರತಿ ಅಕ್ಷರ ಎಲ್ಲಿ ಶುರುವಾಗುತ್ತದೆ ಅಂತ ಅದರ ಮೇಲೆ ಗೆರೆ ಹಾಕಿ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯದು ಕೈಗೆ ಬಂದ ಮೇಲೆ ಜಾಗ ಹುಡುಕಲು ಹೊರಟರೆ ಹೊಸದು ಸೊಟ್ಟಗೆ ಕೂರುತ್ತದೆ. ಒಮ್ಮೆ ಸೊಟ್ಟಗಾದರೆ ದಿನವೂ ಕಣ್ಣಿಗೆ ಚುಚ್ಚುತ್ತದೆ, ಅಲ್ವಾ?

ಈಗ ಹೇರ್ ಡ್ರೈಯರ್‌ನಿಂದ ಒಂದೆರಡು ನಿಮಿಷ ಬಿಸಿ ಕೊಡಿ. ಒಂದೇ ಕಡೆ ಹಿಡಿಯದೆ ಸುತ್ತ ಆಡಿಸುತ್ತಿರಿ. ಮುಟ್ಟಿದರೆ ಚೆನ್ನಾಗಿ ಬಿಸಿ ಅನಿಸಬೇಕು, ಕೈ ಸುಡಬಾರದು. ಹೀಟ್ ಗನ್ ಬೇಡ. ಅದರ ಗಾಳಿ ನೂರಾರು ಡಿಗ್ರಿ ಇರುತ್ತದೆ, ಪೇಂಟ್ ಕ್ಷಣದಲ್ಲಿ ಗುಳ್ಳೆ ಏಳಬಹುದು. ಟೇಪ್ ಮೆತ್ತಗಾದ ಮೇಲೆ ಡೆಂಟಲ್ ಫ್ಲಾಸ್ ಅಥವಾ ಮೀನು ಹಿಡಿಯುವ ಗಾಳದ ದಾರವನ್ನು ಲೋಗೋದ ಹಿಂದೆ ತೂರಿಸಿ. ಎರಡೂ ಕೈಯಲ್ಲಿ ತುದಿ ಹಿಡಿದು ಗರಗಸದ ಹಾಗೆ ಎಳೆದಾಡಿ. ದಾರ ಪೇಂಟಿಗೆ ಉಜ್ಜದೆ ಫೋಮನ್ನು ಕೊಯ್ಯಬೇಕು. ಬಿಗಿಯಾದರೆ ಜೋರು ಮಾಡಬೇಡಿ, ಮತ್ತೆ ಬಿಸಿ ಕೊಡಿ. ದಾರ ಒಂದೇ ಕಡೆ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಪಿನ್ ಇದೆ ಅಂತ ಅರ್ಥ. ಸುತ್ತಲಿನ ಟೇಪ್ ಕೊಯ್ದು ಲೋಗೋವನ್ನು ನೇರವಾಗಿ ಹೊರಗೆಳೆಯಿರಿ.

ಉಳಿದ ಅಂಟನ್ನು ಮತ್ತೆ ಬಿಸಿ ಮಾಡಿ ಹೆಬ್ಬೆರಳಿನಿಂದ ಉಜ್ಜಿ ಉರುಳಿಸಿದರೆ ಜಾಸ್ತಿ ಭಾಗ ಬರುತ್ತದೆ. ಮಿಕ್ಕಿದ್ದಕ್ಕೆ ಕಾರಿನ ಪೇಂಟಿಗೆ ಆಗುವ ಅಂಟು ತೆಗೆಯುವ ದ್ರವ ಬಳಸಿ, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಥಿನ್ನರ್, ಅಸಿಟೋನ್, ಬ್ಲೇಡ್ ಮಾತ್ರ ಬೇಡವೇ ಬೇಡ.

ಅಂಟು ಹೋದ ಮೇಲೂ ಹಳೆಯ ಲೋಗೋದ ಆಕಾರ ಮಸುಕಾಗಿ ಕಾಣಬಹುದು. ಸುತ್ತಲಿನ ಪೇಂಟ್ ವರ್ಷಗಟ್ಟಲೆ ಬಿಸಿಲು ತಿಂದಿದೆ, ಲೋಗೋದಡಿಯ ಪೇಂಟ್ ತಿಂದಿಲ್ಲ. ಪಾಲಿಶ್ ಮಾಡಿದರೆ ವ್ಯತ್ಯಾಸ ತಗ್ಗುತ್ತದೆ, ಹಳೆಯ ಕಾರಿನಲ್ಲಿ ಪೂರ್ತಿ ಹೋಗದೆಯೂ ಇರಬಹುದು. ಅದೇ ಅಳತೆಯ ಲೋಗೋ ಅದೇ ಜಾಗಕ್ಕೆ ಬಂದರೆ ಗುರುತು ಮುಚ್ಚಿಹೋಗುತ್ತದೆ.

ಅಂಟಿಸುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಲು ಬಿಡಿ. ಪಾಲಿಶ್, ವ್ಯಾಕ್ಸ್, ಕೈಬೆರಳಿನ ಜಿಡ್ಡು ಯಾವುದು ಉಳಿದರೂ ಟೇಪ್ ಕಚ್ಚುವುದಿಲ್ಲ. ಸುಮಾರು 20 ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವಿನ ಹೊತ್ತು ಒಳ್ಳೆಯದು. ಟೇಪಿನ ಹಾಳೆ ತೆಗೆಯದೆ ಒಮ್ಮೆ ಇಟ್ಟು ನೋಡಿ. ಗುರುತಿಗೆ ಸರಿಯಾಗಿ ಕೂತರೆ ಹಾಳೆ ತೆಗೆದು ಅಂಟಿಸಿ, ಎಲ್ಲಾ ಕಡೆ ಒಂದೊಂದಾಗಿ ಗಟ್ಟಿಯಾಗಿ ಒತ್ತಿ. ಇಲ್ಲಿ ಟೇಪಿಗೆ ಬೇಕಾದದ್ದು ಒತ್ತಡ. ಈ ಬಗೆಯ ಅಕ್ರಿಲಿಕ್ ಟೇಪ್ ಮೊದಲ 20 ನಿಮಿಷಕ್ಕೆ ಹೆಚ್ಚುಕಡಿಮೆ ಅರ್ಧ ಹಿಡಿತ ಪಡೆಯುತ್ತದೆ, ಪೂರ್ತಿ ಬಲ ಬರಲು 72 ಗಂಟೆ ಬೇಕು. ಅಲ್ಲಿಯವರೆಗೆ ಕಾರು ತೊಳೆಯಬೇಡಿ. ಆಮೇಲೂ ಪ್ರೆಶರ್ ವಾಷರ್ ನೀರನ್ನು ಲೋಗೋದ ಅಂಚಿಗೆ ಹತ್ತಿರದಿಂದ ಬಿಡಬೇಡಿ.

ಸ್ಟೀರಿಂಗ್ ಮೇಲಿನ ಲೋಗೋ ಸವೆದಿದ್ದರೂ ಇದೇ ರೀತಿ ಬದಲಿಸಲು ಹೋಗಬೇಡಿ. ಅದರ ಹಿಂದೆ ಏರ್‌ಬ್ಯಾಗ್ ಇದೆ. ಅದು ಸಿಡಿದಾಗ ಮೇಲೆ ಅಂಟಿಸಿದ ವಸ್ತು ನೇರ ಮುಖಕ್ಕೆ ಹಾರುತ್ತದೆ. ಸ್ಟೀರಿಂಗಿಗೆ ಅಂಟಿಸಿದ ಅಲಂಕಾರದ ಲೋಗೋ ಹೀಗೆ ಹಾರಿ ಚಾಲಕರೊಬ್ಬರ ಒಂದು ಕಣ್ಣು ಹೋದ ಬಳಿಕ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ಆ ಒಂದು ಲೋಗೋವನ್ನು ಕಂಪನಿಯ ಸರ್ವಿಸ್ ಸೆಂಟರ್‌ನವರೇ ನೋಡಲಿ.