ನೆರಳು ಗಿಡ್ಡಗಿದ್ದಾಗ ಬಿಸಿಲಿಗೆ ಬನ್ನಿ

"ಹುಟ್ಟಿದಾಗಿನಿಂದ ರಾಯಚೂರು ಬಿಸಿಲಲ್ಲೇ ಬೆಂದಿದ್ದೇವೆ, ನಮಗೆಂಥ ವಿಟಮಿನ್ ಡಿ ಕೊರತೆ? ಲ್ಯಾಬಿನವರು ಸುಮ್ನೆ ಬರೆದುಕೊಟ್ಟಿರ್ತಾರೆ." ಈ ಮಾತನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಲ್ಯಾಬಿನವರ ಮೇಲೆ ಸಿಟ್ಟಾಗಬೇಡಿ. ಬಿಸಿಲಿನ ಊರಲ್ಲಿ ಇರುವುದೇ ಬೇರೆ, ಬಿಸಿಲು ಮೈಗೆ ತಾಕುವುದೇ ಬೇರೆ. ಅದಕ್ಕಿಂತ ದೊಡ್ಡ ತೊಡಕು ಏನೆಂದರೆ, ನಾವು ಬಿಸಿಲನ್ನು ಝಳದಿಂದ ಅಳೆಯುತ್ತೇವೆ. ವಿಟಮಿನ್ ಡಿ ತಯಾರಾಗೋದಕ್ಕೂ ಹೊರಗಿನ ಝಳಕ್ಕೂ ಸಂಬಂಧ ಇಲ್ಲ.

ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡುಗಳನ್ನೇ ನೋಡಿ. ಮೇಲೆ ತಗಡು, ಪಕ್ಕದಲ್ಲಿ ಇಸ್ತ್ರಿಯ ಹಬೆ, ಏಪ್ರಿಲ್ ಮಧ್ಯಾಹ್ನ. ಹೊಲಿಯುವವರ ಗದ್ದದಿಂದ ಬೆವರು ನೀಲಿ ಬಟ್ಟೆ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ಅಷ್ಟು ಕಾವಿನಲ್ಲಿ ದಿನವಿಡೀ ಕೂತರೂ ವಿಟಮಿನ್ ಡಿಗೆ ಬೇಕಾದ ಕಿರಣ ಅವರ ಚರ್ಮಕ್ಕೆ ಒಂದು ಚೂರೂ ಸಿಕ್ಕಿರುವುದಿಲ್ಲ. ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳದ್ದು ಇನ್ನೊಂದು ಥರ. ಸೀರೆ ಮೇಲೆ ಗಂಡನ ಹಳೆ ತುಂಬು ತೋಳಿನ ಅಂಗಿ, ತಲೆ ಮೇಲೆ ಸೆರಗು, ಹೊರಗೆ ಕಾಣುವುದು ಮುಖ ಮತ್ತು ಬೆರಳು ಅಷ್ಟೇ.

ಬಿಸಿಲಿನ ಕಾವು ಬಹುಪಾಲು ಬರುವುದು ಕಣ್ಣಿಗೆ ಕಾಣುವ ಬೆಳಕಿನಿಂದ ಮತ್ತು ಅವಗೆಂಪು ಕಿರಣಗಳಿಂದ. ವಿಟಮಿನ್ ಡಿ ಮಾಡಿಸುವುದು ಅತಿನೇರಳೆ ಕಿರಣದ ಒಂದು ಸಣ್ಣ ಪಾಲು, ಯುವಿ-ಬಿ. ನೆಲ ಮುಟ್ಟುವ ಅತಿನೇರಳೆಯಲ್ಲಿ ಅದು ಶೇಕಡಾ 5ರ ಆಸುಪಾಸು ಮಾತ್ರ, ಉಳಿದದ್ದೆಲ್ಲ ಯುವಿ-ಎ. ಯುವಿ-ಬಿಯ ಬಹುಭಾಗವನ್ನು ಓಝೋನ್ ಮೇಲೇ ಹೀರಿಕೊಳ್ಳುತ್ತದೆ. ಕಿಟಕಿಯ ಮಾಮೂಲಿ ಗಾಜು ಕೂಡ ಅದನ್ನು ತಡೆಯುತ್ತದೆ, ಯುವಿ-ಎಯನ್ನು ಬಿಟ್ಟುಕೊಡುತ್ತದೆ. ಅಂದರೆ ಕಾರಿನಲ್ಲಿ ಗಾಜು ಏರಿಸಿ ಕೂತವರಿಗೆ ಚರ್ಮ ಸುಕ್ಕಾಗುವುದು ಉಂಟು, ವಿಟಮಿನ್ ಡಿ ಇಲ್ಲ.

ಬೆಳಗಿನ ಎಳೆ ಬಿಸಿಲಲ್ಲೇ ವಿಟಮಿನ್ ಡಿ ಸಿಗುತ್ತದೆ ಎಂಬ ನಂಬಿಕೆ ಎಡವುವುದು ಇಲ್ಲೇ. ಬೆಳಿಗ್ಗೆ ಏಳು ಗಂಟೆಗೆ ಸೂರ್ಯ ತಗ್ಗಿನಲ್ಲಿರುತ್ತಾನೆ, ಕಿರಣ ಓರೆಯಾಗಿ ಓಝೋನ್ ಪದರವನ್ನು ಉದ್ದಕ್ಕೆ ಹಾದು ಬರಬೇಕು, ಅಷ್ಟು ದೂರ ಬರುವಷ್ಟರಲ್ಲಿ ಯುವಿ-ಬಿ ಹೆಚ್ಚುಕಮ್ಮಿ ಖಾಲಿ. ಸೂರ್ಯ ಮೇಲೇರಿದಷ್ಟೂ ದಾರಿ ಕಿರಿದಾಗುತ್ತದೆ. ಇದನ್ನು ಅಳೆಯಲು ಯಂತ್ರ ಬೇಡ, ಅಂಗಳದಲ್ಲಿ ನಿಂತು ನಿಮ್ಮ ನೆರಳು ನೋಡಿಕೊಳ್ಳಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಯುವಿ-ಬಿ ಚೆನ್ನಾಗಿ ಬರುತ್ತಿದೆ. ನಿಮಗಿಂತ ಉದ್ದ ಇದ್ದರೆ ಬಹಳ ಕಮ್ಮಿ.

ಈ ಲೆಕ್ಕದಲ್ಲಿ ನಮ್ಮ ಕಡೆಯವರು ನಿಜಕ್ಕೂ ಪುಣ್ಯವಂತರು. ಬಳ್ಳಾರಿ ಭೂಮಧ್ಯರೇಖೆಯಿಂದ ಸುಮಾರು 15 ಡಿಗ್ರಿ ಉತ್ತರಕ್ಕಿದೆ, ರಾಯಚೂರು 16. ವರ್ಷದಲ್ಲೇ ಸೂರ್ಯ ತೀರಾ ತಗ್ಗಿನಲ್ಲಿ ಹಾಯುವ ಡಿಸೆಂಬರ್ 21ರಂದೂ ಬಳ್ಳಾರಿಯಲ್ಲಿ ನಡುಹಗಲಿಗೆ ಅವನು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಲಂಡನ್ನಿನಲ್ಲಿ ಅವತ್ತು ಬರೀ 15! ಅಲ್ಲಿಯವರ ಚರ್ಮ ಚಳಿಗಾಲದಲ್ಲಿ ಈ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ, ನಮ್ಮದು ವರ್ಷಪೂರ್ತಿ ಮಾಡಬಲ್ಲದು. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹೆಚ್ಚುಕಮ್ಮಿ 12.20ಕ್ಕೆ. ನಮ್ಮ ದೇಶದ ಗಡಿಯಾರ ಮಿರ್ಜಾಪುರದ ಹತ್ತಿರ ಹಾಯುವ ರೇಖೆಗೆ ಹೊಂದಿಸಿದ್ದು, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಹಾಗಾಗಿ ಡಿಸೆಂಬರಿನಲ್ಲಿ ನೆರಳು ಗಿಡ್ಡಗಿರುವುದು ಸುಮಾರು ಹತ್ತೂಮುಕ್ಕಾಲರಿಂದ ಎರಡರವರೆಗೆ. ಏಪ್ರಿಲ್ ಕೊನೆಗೆ ಒಂಬತ್ತೂಕಾಲಕ್ಕೇ ಶುರು.

ಚರ್ಮದೊಳಗೆ ನಡೆಯುವ ಕೆಲಸ ನನಗೆ ತುಂಬಾ ಇಷ್ಟವಾದ ಭಾಗ. ಅಲ್ಲಿ ಕೊಲೆಸ್ಟ್ರಾಲಿನ ಹತ್ತಿರದ ಸಂಬಂಧಿ ಒಂದು ವಸ್ತುವಿದೆ, 7-ಡಿಹೈಡ್ರೋಕೊಲೆಸ್ಟ್ರಾಲ್. ಅದರ ಅಣುವಿನಲ್ಲಿರುವ ಒಂದು ಉಂಗುರವನ್ನು ಯುವಿ-ಬಿ ಬಿಚ್ಚುತ್ತದೆ. ಬಿಚ್ಚಿಕೊಂಡದ್ದು ಪ್ರೀ-ವಿಟಮಿನ್ ಡಿ. ಅದು ಮೈಯ ಶಾಖದಲ್ಲೇ ನಿಧಾನಕ್ಕೆ ವಿಟಮಿನ್ ಡಿ ಆಗಿ ರಕ್ತಕ್ಕೆ ಸೇರುತ್ತದೆ. ಆಮೇಲೆ ಲಿವರಿನಲ್ಲಿ ಒಂದು ಬದಲಾವಣೆ, ಕಿಡ್ನಿಯಲ್ಲಿ ಇನ್ನೊಂದು. ಇವೆರಡೂ ಆದ ಮೇಲಷ್ಟೇ ಅದು ಕರುಳಿಗೆ ಕ್ಯಾಲ್ಸಿಯಂ ಹೀರಿಕೋ ಎಂದು ಹೇಳಬಲ್ಲದು.

ಹಾಗಾದರೆ ಇಡೀ ದಿನ ಬಿಸಿಲಲ್ಲಿ ನಿಂತರೆ ವಿಟಮಿನ್ ಡಿ ಉಕ್ಕಿ ಹರಿಯಬೇಕಲ್ವಾ? ಹರಿಯುವುದಿಲ್ಲ. ತುಂಗಭದ್ರಾ ಡ್ಯಾಮಿನಲ್ಲಿ ನೀರು ಒಂದು ಮಟ್ಟಕ್ಕೆ ಬಂದ ಮೇಲೆ ಮುನಿರಾಬಾದಿನ ಹತ್ತಿರ ನಿಂತು ನೋಡಿ, ಮೇಲಿಂದ ಎಷ್ಟೇ ಒಳಹರಿವು ಬರಲಿ, ಅಷ್ಟನ್ನೂ ಕ್ರಸ್ಟ್ ಗೇಟಿನಿಂದ ಹೊರಗೆ ಬಿಡುತ್ತಾರೆ, ಮಟ್ಟ ಏರುವುದಿಲ್ಲ. ಚರ್ಮವೂ ಹಾಗೇ ಮಾಡುತ್ತದೆ. ಇದ್ದ ಕಚ್ಚಾವಸ್ತುವಿನಲ್ಲಿ ಶೇಕಡಾ 10–15ರಷ್ಟು ಪ್ರೀ-ವಿಟಮಿನ್ ಡಿ ಆಗುತ್ತಿದ್ದಂತೆ, ಮುಂದೆ ಬೀಳುವ ಬೆಳಕು ಅದನ್ನೇ ಲುಮಿಸ್ಟೆರಾಲ್, ಟ್ಯಾಕಿಸ್ಟೆರಾಲ್ ಎಂಬ ಬೇರೆ ವಸ್ತುಗಳಾಗಿ ಮಾರ್ಪಡಿಸಿಬಿಡುತ್ತದೆ. ಆದ್ದರಿಂದಲೇ ಬಿಸಿಲಿನಿಂದ ಯಾರಿಗೂ ವಿಟಮಿನ್ ಡಿ ವಿಷವಾಗಿಲ್ಲ. ಲಾಭಕ್ಕೆ ಇಲ್ಲಿ ಒಂದು ಮಿತಿ ಉಂಟು. ಆದರೆ ಅದೇ ಕಿರಣ ಚರ್ಮದ ಜೀವಕೋಶಗಳ ಡಿಎನ್‌ಎಗೆ ಮಾಡುವ ಗಾಯಕ್ಕೆ ಇಂಥ ಗೇಟಿಲ್ಲ. ಒಂದಷ್ಟು ರಿಪೇರಿ ಆಗುತ್ತದೆ ನಿಜ, ಆದರೂ ಬಿಸಿಲಲ್ಲಿ ನಿಂತಷ್ಟು ಹೊತ್ತೂ ಹೊಸ ಗಾಯ ಆಗುತ್ತಲೇ ಇರುತ್ತದೆ. ಬಿಸಿಲಿನ ಲಾಭ-ನಷ್ಟ ತೂಗುವಾಗ ನನಗೆ ಮುಖ್ಯ ಅನ್ನಿಸುವುದು ಇದೇ: ಲಾಭವೆಲ್ಲ ಮೊದಲ ಸ್ವಲ್ಪ ಹೊತ್ತಿನಲ್ಲೇ ಸಿಕ್ಕಿಬಿಡುತ್ತದೆ, ಆಮೇಲೆ ನಿಂತದ್ದಕ್ಕೆ ನಷ್ಟವೇ ಜಾಸ್ತಿ.

ಇದೆಲ್ಲ ಗೊತ್ತಾದ ಕಥೆ ಮಕ್ಕಳ ಡೊಂಕು ಕಾಲಿನಿಂದ ಶುರುವಾಯಿತು. ಯುರೋಪಿನ ಹೊಗೆ ತುಂಬಿದ ಊರುಗಳಲ್ಲಿ, ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ಮನೆಮನೆಯ ಕಾಯಿಲೆ. ಜಪಾನಿನಲ್ಲಿ ಕೆಲಸ ಮಾಡಿದ್ದ ಥಿಯೋಬಾಲ್ಡ್ ಪಾಮ್ ಎಂಬ ಬ್ರಿಟಿಷ್ ವೈದ್ಯ ಬೇರೆ ಬೇರೆ ದೇಶಗಳಿಂದ ವಿವರ ತರಿಸಿಕೊಂಡು, ಬಿಸಿಲು ಕಮ್ಮಿ ಇದ್ದಲ್ಲೇ ರಿಕೆಟ್ಸ್ ಜಾಸ್ತಿ ಎಂದು 1890ರಲ್ಲಿ ಬರೆದ. ಆಗ ಹೆಚ್ಚು ಜನ ಕಿವಿಗೊಡಲಿಲ್ಲ. 1919ರಲ್ಲಿ ಬರ್ಲಿನ್ನಿನ ಕರ್ಟ್ ಹುಲ್ಡ್‌ಶಿನ್ಸ್ಕಿ ಪಾದರಸದ ದೀಪದ ಬೆಳಕಿನಿಂದ ರಿಕೆಟ್ಸ್ ಮಕ್ಕಳನ್ನು ಗುಣಪಡಿಸಿದ. ಒಂದೇ ತೋಳಿಗೆ ಬೆಳಕು ಬಿಟ್ಟು ನೋಡಿದಾಗ, ಬೆಳಕು ಬೀಳದ ಇನ್ನೊಂದು ತೋಳಿನ ಮೂಳೆಯೂ ಸರಿಹೋಯಿತು. ಚರ್ಮದಲ್ಲಿ ತಯಾರಾದ ಏನೋ ಒಂದು ರಕ್ತದಲ್ಲಿ ಓಡಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಪುರಾವೆ ಬೇಕಾ? ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ವಿಂಡಾಸ್‌ಗೆ, ಕೊಲೆಸ್ಟ್ರಾಲ್ ಜಾತಿಯ ವಸ್ತುಗಳು ಮತ್ತು ವಿಟಮಿನ್‌ಗಳ ನಂಟಿನ ಮೇಲಿನ ಕೆಲಸಕ್ಕೆ 1928ರಲ್ಲಿ ನೊಬೆಲ್ ಬಂತು.

ಎಳೆ ಬಿಸಿಲನ್ನು ನಾನು ಹಳಿಯುತ್ತಿಲ್ಲ. ಅದರಿಂದ ಬೇರೆ ಉಪಯೋಗ ಉಂಟು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆಯ ಲಯ ಸರಿ ಇರುತ್ತದೆ. ಹಸುಗೂಸಿಗೆ ಎಣ್ಣೆ ಹಚ್ಚಿ ಬೆಳಿಗ್ಗೆ ಅಂಗಳದಲ್ಲಿ ಹಿಡಿಯುತ್ತಾರಲ್ಲ, ಆ ಬೆಳಕಿನ ನೀಲಿ ಭಾಗ ಕಾಮಾಲೆಯ ಹಳದಿ ಬಣ್ಣವನ್ನು ಒಡೆಯಬಲ್ಲದು. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ನರ್ಸ್ ಜೀನ್ ವಾರ್ಡ್ ಇದನ್ನು ಮಗುವಿನ ಮೈ ನೋಡಿಯೇ ಗುರುತಿಸಿದ್ದರು. ಬಟ್ಟೆ ಮುಚ್ಚಿದ್ದ ಕಡೆ ಮಾತ್ರ ಹಳದಿ ಉಳಿದಿತ್ತು. ಕಾಮಾಲೆ ಮಗುವನ್ನು ದೀಪದ ಬೆಳಕಲ್ಲಿ ಮಲಗಿಸುವ ಈಗಿನ ಫೋಟೊಥೆರಪಿ ಹುಟ್ಟಿದ್ದು ಅಲ್ಲಿಂದ. ಆದರೆ ಮಗುವಿನ ಕಾಮಾಲೆ ವಿಪರೀತವಾದರೆ ಮಿದುಳಿಗೇ ಪೆಟ್ಟು. ಕಣ್ಣು, ಮೈ ಹಳದಿ ಕಂಡರೆ ಅಂಗಳದ ಬಿಸಿಲು ನೆಚ್ಚಿಕೊಂಡು ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಭಯದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1992ರಲ್ಲೇ ಬಿಸಿಲನ್ನು ಕ್ಯಾನ್ಸರ್ ತರುವ ಕಾರಣಗಳ ಪಟ್ಟಿಗೆ ಸೇರಿಸಿದೆ. ನಮ್ಮ ಕಪ್ಪು ಬಣ್ಣ ಒಳ್ಳೆಯ ಕಾವಲು, ಬಿಳಿ ಚರ್ಮದವರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಮ್ಮಿ. ಚರ್ಮಕ್ಕೆ ಆ ಬಣ್ಣ ಕೊಡುವ ಮೆಲನಿನ್ ಯುವಿ-ಬಿಯನ್ನೂ ತಡೆಯುವುದರಿಂದ ಅವರಿಗಿಂತ ನಾವು ಹೆಚ್ಚು ಹೊತ್ತು ಬಿಸಿಲಲ್ಲಿರಬೇಕು. ಕಪ್ಪಗಾಗ್ತೀವಿ ಅಂತ ಸ್ಕೂಟಿ ಮೇಲೆ ಕಣ್ಣೊಂದು ಬಿಟ್ಟು ಎಲ್ಲ ಮುಚ್ಚಿಕೊಂಡು ಹೋಗುವ ಹುಡುಗಿಯರನ್ನು ನೋಡಿದಾಗ ಬೇಜಾರಾಗುತ್ತದೆ. ಆ ಭಯ ಅವರಲ್ಲಿ ತುಂಬಿದ್ದು ನಾವೇ, ಮದುವೆ ಮಾತುಕತೆಯಲ್ಲಿ ಬಣ್ಣ ಕೇಳುವ ನಾವು. ತೊನ್ನು ಇದ್ದವರು ಮಾತ್ರ ಆ ಜಾಗಗಳನ್ನು ಮುಚ್ಚಿಕೊಳ್ಳುವುದು ಸರಿ, ಅಲ್ಲಿ ಮೆಲನಿನ್ ಇಲ್ಲ, ಬೇಗ ಸುಡುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದಿರುವುದು ಕಣ್ಣು. ವರ್ಷಗಟ್ಟಲೆ ಬೀಳುವ ಯುವಿ-ಬಿ ಕಣ್ಣಿನ ಪೊರೆ ಬರುವುದಕ್ಕೆ ಒಂದು ಕಾರಣ, ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆ ಕಡೆಗೆ ಮಾಂಸ ಬೆಳೆಯುವುದಕ್ಕೂ ಕಾರಣ. ತಲೆಗೆ ಸುತ್ತಿದ ಟವೆಲ್ ನೆತ್ತಿ ಕಾಯುತ್ತದೆ, ಕಣ್ಣಿಗೆ ನೆರಳು ಕೊಡುವುದಿಲ್ಲ. ಹೊಲಕ್ಕೆ, ಗಣಿಗೆ, ರಸ್ತೆ ಕೆಲಸಕ್ಕೆ ಹೋಗುವವರಿಗೆ ಅಗಲ ಅಂಚಿನ ಟೋಪಿ ಬೇಕೇ ಬೇಕು.

ಝಳದ ಅಪಾಯ ಬೇರೆಯೇ. ಏಪ್ರಿಲ್, ಮೇ ಬಂದರೆ ಇಲ್ಲಿ ಸರ್ಕಾರಿ ಕಚೇರಿಗಳ ವೇಳೆಯೇ ಬೆಳಿಗ್ಗೆ 8ರಿಂದ 1.30ಕ್ಕೆ ಬದಲಾಗುತ್ತದೆ, ಕೂಲಿ ಕೆಲಸಕ್ಕೂ ಅದೇ ಕಾಳಜಿ ಇರಬೇಕು. ಜೇಬಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯಲ್ಲ ಎಂದು ನಂಬಿ ಮಧ್ಯಾಹ್ನ ದುಡಿಯುವವರಿದ್ದಾರೆ. ಉಳ್ಳಾಗಡ್ಡಿಗೆ ಅಂಥ ಶಕ್ತಿ ಇಲ್ಲ. ಮೈ ಕಾದು, ಮಾತು ತೊದಲಿ, ಎಚ್ಚರ ತಪ್ಪುತ್ತಿದ್ದರೆ ನೆರಳಿಗೆ ಎಳೆದು ಮೈತುಂಬಾ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ನಾನು ನನ್ನ ಮನೆಯವರಿಗೆ ಹೇಳಿರುವುದು ಇಷ್ಟು. ಚಳಿಗಾಲದಲ್ಲಿ ಹನ್ನೊಂದರ ಮೇಲೆ ಮಾಳಿಗೆ ಹತ್ತಿ ತೋಳು, ಕಾಲು ಬಿಟ್ಟುಕೊಂಡು ಅರ್ಧ ಗಂಟೆ ಕೂತು ಕಾಳು ಆರಿಸಿ, ವಾರಕ್ಕೆ ಮೂರ್ನಾಲ್ಕು ಸಲ ಸಾಕು. ಬೇಸಿಗೆಯಲ್ಲಿ ಒಂಬತ್ತೂವರೆಗೆ ಬಂದು ಹತ್ತರೊಳಗೆ ಒಳಗೆ ಹೋಗಿ. ಚರ್ಮ ಚುರುಗುಟ್ಟುವವರೆಗೆ ಯಾವ ಕಾಲದಲ್ಲೂ ಕೂರಬೇಡಿ.

ಜೋಳದ ರೊಟ್ಟಿ, ಬೇಳೆ, ಸೊಪ್ಪಿನಲ್ಲಿ ವಿಟಮಿನ್ ಡಿ ಇಲ್ಲ, ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ ಇದೆ. ಹಾಗಾಗಿ ಕೊರತೆ ಜಾಸ್ತಿ ಇದ್ದವರಿಗೆ ವೈದ್ಯರು ವಾರಕ್ಕೊಂದು 60,000 ಯೂನಿಟ್‌ನ ಪುಡಿ ಪೊಟ್ಟಣ ಬರೆಯುತ್ತಾರೆ, ಬರೆಯಲೂ ಬೇಕು. ದಿನಕ್ಕೆ ಬೇಕಾದದ್ದು 600 ಯೂನಿಟ್ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ, ಆ ಪೊಟ್ಟಣದಲ್ಲಿರುವುದು ಅದರ ನೂರು ಪಟ್ಟು. ಬಾಯಿಂದ ಹೋದ ವಿಟಮಿನ್ ಡಿಗೆ ಚರ್ಮದ ಆ ತಡೆ ಇಲ್ಲ. ಸುಸ್ತು ಹೋಗುತ್ತೆ ಅಂತ ಹಳೆ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ ಶುರುವಾಗುತ್ತದೆ, ಕಿಡ್ನಿಯೂ ಕೆಡಬಹುದು. ಹೇಳಿದಷ್ಟು ವಾರ ತಗೊಂಡು ನಿಲ್ಲಿಸಿ. ಮತ್ತೆ ಬೇಕಾ ಅನ್ನುವುದನ್ನು ರಕ್ತಪರೀಕ್ಷೆ ನೋಡಿ ವೈದ್ಯರೇ ಹೇಳಲಿ.