ಹಾಲಿಗಿಂತ ಮೊದಲು ಕಾದದ್ದು ವೈನು

ವೈನಿನ ಸ್ಟೀಲ್ ಟ್ಯಾಂಕಿನ ನಲ್ಲಿಗೆ ಸುಮ್ನೆ ಕೈ ಹಾಕಿದೆ. ಅಷ್ಟಕ್ಕೇ ತೋಟ ತೋರಿಸುತ್ತಿದ್ದವರು ಓಡಿ ಬಂದು "ತಿರುಗಿಸಬೇಡಿ!" ಅಂದರು. ಇಸ್ರೇಲಿನ ಜಿಕ್ರೋನ್ ಯಾಕೋವ್, 1882ರಲ್ಲಿ ರೊಮೇನಿಯಾದಿಂದ ಬಂದ ಯಹೂದಿಗಳು ಕಟ್ಟಿದ ಊರು. ಅವರಿಗೆ ದುಡ್ಡು ಕೊಟ್ಟು ದ್ರಾಕ್ಷಿ ನೆಡಿಸಿದವರು ಪ್ಯಾರಿಸಿನ ಶ್ರೀಮಂತ ಎಡ್ಮಂಡ್ ರಾತ್‌ಶೀಲ್ಡ್.

ಇಲ್ಲಿ ಮಾಡೋದು ಕೋಷರ್ ವೈನು, ಅಂದರೆ ಯಹೂದಿಗಳ ಆಹಾರ ನಿಯಮಕ್ಕೆ ಒಪ್ಪುವಂಥದ್ದು. ಕೋಷರ್ ಅಂದರೆ ರಬ್ಬಿ (ಯಹೂದಿ ಧರ್ಮಗುರು) ಮಂತ್ರ ಹಾಕಿದ ವೈನು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ ರೀ. ಬಳ್ಳಿಯ ಮೊದಲ ಮೂರು ವರ್ಷದ ಹಣ್ಣು ಬಳಸುವಂತಿಲ್ಲ. ತಿಳಿ ಮಾಡಲು ಹಂದಿಯ ಜೆಲಟಿನ್ ಆಗದು, ಬೆಂಟೊನೈಟ್ ಅನ್ನೋ ಜೇಡಿಮಣ್ಣು ಆಗುತ್ತೆ. ಹಣ್ಣು ಹಿಂಡಿದಾಗಿನಿಂದ ಬಾಟಲಿಗೆ ಬಿರಡೆ ಬೀಳುವ ತನಕ ಸಬ್ಬತ್ (ವಾರದ ವಿಶ್ರಾಂತಿ ದಿನ) ಪಾಲಿಸುವ ಯಹೂದಿಗಳೇ ಮುಟ್ಟಬೇಕು. ನಮ್ಮ ಅಜ್ಜಿಯ ಮಡಿ ನೆನಪಾಯಿತು. ಹಿಂದೆ ಬೇರೆ ದೇವರುಗಳಿಗೆ ವೈನು ಎರೆಯುತ್ತಿದ್ದರಲ್ಲ, ಆ ಭಯ ಇದರ ಹಿಂದಿದೆ.

ಆದರೆ ಒಂದು ವಿನಾಯಿತಿ ಇದೆ: ಕುದಿಸಿದ ವೈನನ್ನು ಯಾರು ಮುಟ್ಟಿದರೂ ನಡೆಯುತ್ತೆ. ಅದಕ್ಕೆ ಮೆವುಶಾಲ್ ಅಂತಾರೆ. ವೈನು ಕುದಿಸಿದರೆ ಹಾಳಾಗೋದಿಲ್ವಾ? ಕುದಿಸಿದರೆ ಹಾಳೇ. ಅದಕ್ಕೇ ಈಗ ಎಷ್ಟೋ ಕಡೆ ಸೆಕೆಂಡುಗಳ ಲೆಕ್ಕದಲ್ಲಿ 85 ಡಿಗ್ರಿ ಆಸುಪಾಸು ಬಿಸಿ ಮಾಡಿ, ತಕ್ಷಣ ತಣಿಸುತ್ತಾರೆ.

ನನಗೆ ಖುಷಿ ಕೊಟ್ಟಿದ್ದು ಇದು. ಹಾಲಿನ ಲೆಕ್ಕ ನೋಡಿ: ರೋಗಾಣು ಸಾಯಲು 63 ಡಿಗ್ರಿಯಲ್ಲಾದರೆ 30 ನಿಮಿಷ ಬೇಕು, 72ರಲ್ಲಾದರೆ ಬರೀ 15 ಸೆಕೆಂಡು ಸಾಕು. ಒಂಬತ್ತು ಡಿಗ್ರಿ ಏರಿಸಿದ್ದಕ್ಕೆ ಸಮಯ 120 ಪಟ್ಟು ಇಳಿಯಿತು! ಆದರೆ ರುಚಿ ಕೆಡಿಸುವ ರಾಸಾಯನಿಕ ಕ್ರಿಯೆಗಳು ಅಷ್ಟೇ ಬಿಸಿ ಏರಿಸಿದಾಗ ಸುಮಾರು ಎರಡು-ಮೂರು ಪಟ್ಟು ಮಾತ್ರ ಚುರುಕಾಗುತ್ತವೆ. ಅಂದರೆ ರೋಗ ತರುವ ಸೂಕ್ಷ್ಮಜೀವಿಗಳು ಸಾಯುವಷ್ಟರಲ್ಲಿ ರುಚಿಗೆ ಆಗುವ ಪೆಟ್ಟು ಮೊದಲಿನ ನಲವತ್ತರಲ್ಲಿ ಒಂದು ಪಾಲೂ ಇಲ್ಲ. ಯಾಕೆ ಈ ವ್ಯತ್ಯಾಸ? ಜೀವಿಯ ಪ್ರೋಟೀನು ನೂರಾರು ಸಣ್ಣ ಗಂಟು ಹಾಕಿ ಸುತ್ತಿದ ದಾರದ ಉಂಡೆ ಇದ್ದ ಹಾಗೆ, ಬಿಸಿ ಒಂದು ಮಟ್ಟ ದಾಟಿದರೆ ಎಲ್ಲಾ ಗಂಟೂ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ, ಮೊಟ್ಟೆಯ ಬಿಳಿ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತಲ್ಲ, ಹಾಗೆ. ಹಪ್ಪಳವನ್ನು ಕೆಂಡದ ಮೇಲೆ ಸರ್ರನೆ ತಿರುಗಿಸಿ ತೆಗೀತೀವಲ್ಲ, ಅದೂ ಇದೇ ಜಾಣತನ ಅಂತ ನನ್ನ ವಾದ. ಮನೆಯಲ್ಲಿ ಯಾರೂ ಒಪ್ಪಿಲ್ಲ.

ಇನ್ನೊಂದು ತಮಾಷೆ. ನಂದಿನಿ ಪ್ಯಾಕೆಟ್ಟಿನ ಮೇಲೆ ಪಾಶ್ಚರೀಕರಿಸಿದ ಹಾಲು ಅಂತ ಓದುತ್ತೀವಿ, ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಹಾಲಿಗೇ ಇದನ್ನು ಕಂಡುಹಿಡಿದ ಅಂದುಕೊಳ್ಳುತ್ತೀವಿ. ಆತ 1864ರಲ್ಲಿ ಆರ್ಬುವಾ ಊರಲ್ಲಿ ಕೂತು ಕಾಯಿಸಿದ್ದು ವೈನನ್ನ! ಫ್ರೆಂಚರ ವೈನು ಹುಳಿಯಾಗಿ ಕೆಡುತ್ತಿತ್ತು, 50-60 ಡಿಗ್ರಿಗೆ ಕಾಯಿಸಿದರೆ ಉಳಿಯುತ್ತೆ ಅಂತ ತೋರಿಸಿದ. ಹಾಲಿನ ಸರದಿ ಆಮೇಲೆ ಬಂತು.

ಕೊನೆಗೆ ರುಚಿ ನೋಡಲು ಕೂತೆವು. ಮೊದಲ ಬಾಟಲಿಯನ್ನು ತೋಟ ತೋರಿಸಿದಾತ ತನ್ನ ಕಡೆಗೇ ಇಟ್ಟುಕೊಂಡು ನನ್ನ ಲೋಟಕ್ಕೆ ಬಗ್ಗಿಸಿದ. ಎರಡನೆಯದು ಮೆವುಶಾಲ್. ಅದನ್ನು ಮೇಜಿನ ಮೇಲೆ ನನ್ನತ್ತ ತಳ್ಳಿ, "ಇದನ್ನ ನೀವೇ ಹಾಕ್ಕೊಳ್ಳಿ" ಅಂದ.