ತಲೆ ಎಣಿಸಿದ ಕಾನೂನು, ಎಣಿಕೆಗೆ ಸಿಗದ ಬೆರಳು

ಪುಣೆಯ ಭೋಸರಿ, ಚಿಂಚವಡ ಕಡೆಯ ಸಣ್ಣ ಫರ್ನಿಚರ್ ಶೆಡ್ಡುಗಳಲ್ಲಿ, ಟೇಬಲ್ ಗರಗಸ ಕೊಳ್ಳುವಷ್ಟು ಬಂಡವಾಳವಿಲ್ಲದವರು ಮಾಡಿಕೊಳ್ಳುವ ಏರ್ಪಾಡೊಂದಿದೆ. ಕಲ್ಲು ಕತ್ತರಿಸಲೆಂದೇ ತಯಾರಾದ ಮಾರ್ಬಲ್ ಕಟ್ಟರನ್ನು ತಲೆಕೆಳಗು ಮಾಡಿ, ದಪ್ಪ ಪ್ಲೈವುಡ್ ಹಲಗೆಯ ಅಡಿಗೆ ಸ್ಕ್ರೂ ಹೊಡೆದು ಕೂರಿಸುತ್ತಾರೆ. ಹಲಗೆಯಲ್ಲಿ ಕೊರೆದ ಸೀಳಿನಿಂದ ಬ್ಲೇಡು ಮೇಲೆ ಬರುತ್ತದೆ. ಆ ಸೀಳಿಗೆ ಗಾರ್ಡು, ಅಂದರೆ ಬ್ಲೇಡನ್ನು ಮುಚ್ಚುವ ರಕ್ಷಣಾ ಕವಚ, ಅಡ್ಡವಾಗುವುದರಿಂದ ಅದನ್ನು ಮೊದಲೇ ಬಿಚ್ಚಿರುತ್ತಾರೆ. ಯಂತ್ರದ ಸ್ವಿಚ್ಚನ್ನು ಒತ್ತಿದ ಸ್ಥಿತಿಯಲ್ಲೇ ಲಾಕ್ ಮಾಡಿ, ಗೋಡೆಯ ಬೋರ್ಡಿನಿಂದ ಚಾಲೂ ಮಾಡುತ್ತಾರೆ. ಸರಿಯಾದ ಟೇಬಲ್ ಗರಗಸದಲ್ಲಿ ಬ್ಲೇಡಿನ ಹಿಂದೆ ತೆಳುವಾದ ಲೋಹದ ಪಟ್ಟಿಯೊಂದು ನಿಂತು, ಕೊಯ್ದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುತ್ತದೆ. ಇಲ್ಲಿ ಅದಿಲ್ಲ. ಮರ ಬ್ಲೇಡನ್ನು ಬಿಗಿದ ಕ್ಷಣದಲ್ಲಿ ಬ್ಲೇಡಿನ ಹಿಂಭಾಗದ ಹಲ್ಲುಗಳು ಹಲಗೆಯನ್ನು ಎತ್ತಿ ಕೆಲಸಗಾರನ ಕಡೆಗೇ ಎಸೆಯುತ್ತವೆ, ಹಲಗೆಯನ್ನು ಮುಂದಕ್ಕೆ ತಳ್ಳುತ್ತಿದ್ದ ಕೈ ಆಸರೆ ತಪ್ಪಿ ಬ್ಲೇಡಿನ ಮೇಲೆ ಬೀಳುತ್ತದೆ.

ಇಂತಹ ಗಾಯಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ‘ಹುಡುಗ ಲಕ್ಷ್ಯ ಕೊಡಲಿಲ್ಲ’ ಎಂಬುದು. ಅದು ಪೂರ್ತಿ ಸುಳ್ಳಲ್ಲದಿರಬಹುದು, ಆದರೆ ಆ ಏರ್ಪಾಡು ಆ ಶೆಡ್ಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಹೇಗೆ ಉಳಿಯಿತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಉತ್ತರಕ್ಕೆ ಮುಂಬಯಿಯ ಹತ್ತಿ ಗಿರಣಿಗಳ ಕಾಲಕ್ಕೆ ಹೋಗಬೇಕಾಗುತ್ತದೆ.

1875ರಲ್ಲಿ ಮುಂಬಯಿಯಲ್ಲಿ ನೇಮಕವಾದ ಗಿರಣಿ ಆಯೋಗದ ನಂತರ, 1881ರಲ್ಲಿ ದೇಶದ ಮೊದಲ ಕಾರ್ಖಾನೆ ಕಾಯ್ದೆ ಬಂದಿತು. ಮಕ್ಕಳ ದುಡಿಮೆಯ ಅವಧಿಗೆ ಮಿತಿ ಹಾಕಿದ ಆ ಕಾಯ್ದೆ, ಅಪಾಯಕಾರಿ ಯಂತ್ರಗಳಿಗೆ ಬೇಲಿ ಇರಬೇಕೆಂದೂ ಹೇಳಿತು. ಆಗಿನ ಗಿರಣಿಯಲ್ಲಿ ಒಂದೇ ಉಗಿ ಎಂಜಿನ್ನು ಉದ್ದನೆಯ ಶಾಫ್ಟು ಮತ್ತು ಬೆಲ್ಟುಗಳ ಮೂಲಕ ನೂರಾರು ಯಂತ್ರಗಳನ್ನು ತಿರುಗಿಸುತ್ತಿದ್ದುದರಿಂದ ಅಪಾಯವೂ ಒಂದೆಡೆ ನಿಂತಿರುತ್ತಿತ್ತು, ಅದರ ಸುತ್ತ ಬೇಲಿ ಕಟ್ಟುವುದು ಸಾಧ್ಯವಿತ್ತು. ಆದರೆ ಕಾಯ್ದೆ ಅನ್ವಯವಾಗಬೇಕಾದರೆ ಅಲ್ಲಿ ಕನಿಷ್ಠ 100 ಜನ ದುಡಿಯುತ್ತಿರಬೇಕಿತ್ತು. 1891ರಲ್ಲಿ ಈ ಸಂಖ್ಯೆ 50ಕ್ಕೂ 1922ರಲ್ಲಿ 20ಕ್ಕೂ ಇಳಿಯಿತು. 1948ರ ಕಾರ್ಖಾನೆ ಕಾಯ್ದೆ, ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಸಾಕೆಂದಿತು. ಅದರ 21ನೇ ಸೆಕ್ಷನ್ ಬೇಲಿಯ ಬಗ್ಗೆ ಕಟ್ಟುನಿಟ್ಟಾಗಿಯೇ ಇತ್ತು. ಹೀಗಿದ್ದರೂ ಕಾನೂನಿನ ಬಾಗಿಲು ತೆರೆಯುತ್ತಿದ್ದುದು ಯಂತ್ರದ ಅಪಾಯವನ್ನು ನೋಡಿಯಲ್ಲ, ಕೆಲಸಗಾರರ ತಲೆ ಎಣಿಸಿ.

ಅಷ್ಟರಲ್ಲಿ ಯಂತ್ರವೇ ಬದಲಾಗಿತ್ತು. ಜರ್ಮನಿಯ ಫೈನ್ ಕಂಪನಿ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು ತಯಾರಿಸಿತು. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1917ರಲ್ಲಿ ಪಿಸ್ತೂಲಿನ ಹಿಡಿ ಮತ್ತು ಬೆರಳಿನಿಂದ ಒತ್ತುವ ಸ್ವಿಚ್ಚಿನ ವಿನ್ಯಾಸಕ್ಕೆ ಪೇಟೆಂಟ್ ಪಡೆಯಿತು. ತಿರುಗುವ ಡಿಸ್ಕಿನಿಂದ ಲೋಹವನ್ನು ಉಜ್ಜುವ, ಕತ್ತರಿಸುವ ಆ್ಯಂಗಲ್ ಗ್ರೈಂಡರ್ ಬಂದದ್ದು 1950ರ ದಶಕದಲ್ಲಿ. ಭಾರತದಲ್ಲೂ ಇವು ತಯಾರಾಗತೊಡಗಿದವು. ಬೆಳಗಾವಿ ಗಡಿಗೆ ದೂರವಲ್ಲದ ಕೊಲ್ಲಾಪುರ ಜಿಲ್ಲೆಯ ಶಿರೋಳದಲ್ಲಿ ಕುಲಕರ್ಣಿ ಪವರ್ ಟೂಲ್ಸ್ ಇದೆ. ಗಿರಣಿಯ ಶಾಫ್ಟಿನಲ್ಲಿದ್ದ ವೇಗ ಈಗ ಕೆಲಸಗಾರನ ಕೈಗೇ ಬಂದಿತ್ತು. 4 ಇಂಚಿನ ಗ್ರೈಂಡರಿನ ಡಿಸ್ಕು ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಗಾರ್ಡು ಬಿಚ್ಚಿ ಅದೇ ಯಂತ್ರಕ್ಕೆ 7 ಇಂಚಿನ ಡಿಸ್ಕು ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 100 ಮೀಟರ್ ದಾಟುತ್ತದೆ; ಅಂತಹ ಡಿಸ್ಕುಗಳ ಮೇಲೆ ಮುದ್ರಿತವಾಗಿರುವ ಮಿತಿ ಸಾಮಾನ್ಯವಾಗಿ 80 ಮೀಟರ್. ಮಿತಿ ಮೀರಿದ ಡಿಸ್ಕು ಒಡೆದಾಗ ಅದರ ಚೂರುಗಳು ಹೋಗುವುದು ಮುಖಕ್ಕೆ, ಕುತ್ತಿಗೆಗೆ. ಸುರಕ್ಷತೆಯ ಹೆಸರಿನಲ್ಲಿ ಕೆಲವು ಠೇಕೇದಾರರು ಮರ ಕೊಯ್ಯುವವರಿಗೂ ನೂಲಿನ ಕೈಗವಸು ಹಂಚುತ್ತಾರೆ. ತಿರುಗುವ ಬ್ಲೇಡಿಗೆ ಅದರ ಎಳೆ ಸಿಕ್ಕರೆ ಇಡೀ ಕೈಯನ್ನೇ ಒಳಗೆ ಎಳೆಯುವುದರಿಂದ ಅಲ್ಲಿ ಕೈಗವಸಿಗಿಂತ ಬರಿಗೈಯೇ ವಾಸಿ.

ಪುಣೆಯಲ್ಲಿ ಈ ಬದಲಾವಣೆಗೆ ಇನ್ನೊಂದು ಮಗ್ಗುಲಿದೆ. ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಆರಂಭವಾಯಿತು, 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು, ಬಳಿಕ ವಾಹನ ಕಾರ್ಖಾನೆಗಳು ಬೆಳೆದವು. ದೊಡ್ಡ ಕಾರ್ಖಾನೆಗೆ ಬಿಡಿಭಾಗ ಕೊಡುವವರು, ಅವರಿಗೆ ಬಿಡಿಭಾಗ ಕೊಡುವವರು, ಅವರಿಂದ ಜಾಬ್ ವರ್ಕ್ ಪಡೆಯುವವರು ಹೀಗೆ ಸರಪಳಿ ಉದ್ದವಾದಂತೆ, ತಗಡು ಒತ್ತುವ ಪವರ್ ಪ್ರೆಸ್ಸುಗಳು ಐದಾರು ಜನರ ಶೆಡ್ಡುಗಳಿಗೆ ಇಳಿದವು. ಕಲಬುರಗಿ, ವಿಜಯಪುರ, ಯಾದಗಿರಿಯಿಂದ ಬಂದ ಕನ್ನಡಿಗರೂ ದುಡಿಯುವುದು ಇಂತಹ ಕಡೆಗಳಲ್ಲೇ. ತಿರುಗುವ ಚಕ್ರವನ್ನು ಶಾಫ್ಟಿಗೆ ಕೀ ಎಂಬ ಲೋಹದ ಕೀಲು ಸಿಕ್ಕಿಸುವ ಹಳೆಯ ಕೀ-ಕ್ಲಚ್ ಪ್ರೆಸ್ಸಿನಲ್ಲಿ ಪೆಡಲು ಒತ್ತಿದ ಮೇಲೆ ಸ್ಟ್ರೋಕು ಮುಗಿಯುವ ತನಕ ನಡುವೆ ನಿಲ್ಲಿಸುವ ದಾರಿಯೇ ಇಲ್ಲ. ಕೀ ಸವೆದಿದ್ದರೆ ಅಥವಾ ಸ್ಪ್ರಿಂಗು ಮುರಿದಿದ್ದರೆ, ಯಾರೂ ಪೆಡಲು ತುಳಿಯದಿದ್ದರೂ ಅದು ಎರಡನೇ ಬಾರಿ ಇಳಿದುಬಿಡಬಹುದು. ಆ ಹೊತ್ತಿಗೆ ಕೆಲಸಗಾರನ ಬೆರಳು ಡೈಯೊಳಗಿನ, ಅಂದರೆ ಅಚ್ಚಿನೊಳಗಿನ, ತುಂಡನ್ನು ತೆಗೆಯುತ್ತಿರುತ್ತದೆ. ಎರಡೂ ಕೈಯಿಂದ ಒತ್ತಿದರೆ ಮಾತ್ರ ನಡೆಯುವ ಬಟನ್ನುಗಳು ಬಹಳ ಹಿಂದಿನಿಂದ ಲಭ್ಯವಿವೆ, ಆದರೆ ಕೀ-ಕ್ಲಚ್ ಸವೆದಿರುವ ಕಡೆ ಅವು ಎರಡನೇ ಸ್ಟ್ರೋಕನ್ನು ತಡೆಯಲಾರವು. ಗುರುಗ್ರಾಮ ಮತ್ತು ಮಾನೇಸರದ ವಾಹನ ಬಿಡಿಭಾಗ ಕಾರ್ಮಿಕರ ನಡುವೆ ಕೆಲಸ ಆರಂಭಿಸಿದ ಸೇಫ್ ಇನ್ ಇಂಡಿಯಾ ಸಂಸ್ಥೆ 2019ರಿಂದ ಪ್ರಕಟಿಸುತ್ತಿರುವ ವರದಿಗಳಲ್ಲಿ ಪವರ್ ಪ್ರೆಸ್ಸೇ ಬೆರಳು ಕತ್ತರಿಸುವ ಯಂತ್ರಗಳಲ್ಲಿ ಮುಂಚೂಣಿಯಲ್ಲಿದೆ. ಅನೇಕ ಕಾರ್ಮಿಕರ ಕೈಗೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡು ಬರುವುದು ಅಪಘಾತ ನಡೆದ ಮೇಲೆ ಎಂಬುದೂ ಅವುಗಳಲ್ಲಿ ದಾಖಲಾಗಿದೆ.

ಬೇಲಿ ಕಟ್ಟಿಸಲಾಗದ ಕಾನೂನು ಬೆರಳಿಗೆ ಬೆಲೆಯನ್ನಂತೂ ಕಟ್ಟಿಟ್ಟಿದೆ. 1923ರ ಪರಿಹಾರ ಕಾಯ್ದೆಯ ಪಟ್ಟಿಯ ಪ್ರಕಾರ ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ 30, ತೋರುಬೆರಳು ಹೋದರೆ ಶೇ 14, ಮಧ್ಯದ ಬೆರಳು ಹೋದರೆ ಶೇ 12 ನಷ್ಟ. ತಿಂಗಳಿಗೆ 15,000 ರೂಪಾಯಿ ಕೂಲಿಯ 25 ವರ್ಷದ ಬಡಿಗನ ತೋರುಬೆರಳಿಗೆ ಈ ಲೆಕ್ಕದಲ್ಲಿ ಸುಮಾರು 2 ಲಕ್ಷ 73 ಸಾವಿರ ರೂಪಾಯಿ ಬರಬೇಕು. ಆದರೆ ಅದೇ ಕಾಯ್ದೆಯಲ್ಲಿ, ಕಾರ್ಮಿಕನು ಗೊತ್ತಿದ್ದೂ ಬೇಕೆಂದೇ ಗಾರ್ಡನ್ನು ತೆಗೆದಿದ್ದರೆ, ಸಾವು ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯದ ಹೊರತು ಮಾಲೀಕನು ಪರಿಹಾರ ಕೊಡಬೇಕಿಲ್ಲ ಎಂಬ ಮಾತೂ ಇದೆ. ಮಾಲೀಕನ ಕಣ್ಣೆದುರೇ ವರ್ಷಗಟ್ಟಲೆ ಗಾರ್ಡಿಲ್ಲದೆ ನಡೆದ ಯಂತ್ರದ ವಿಷಯದಲ್ಲೂ, ಬೆರಳು ಹೋದ ಮೇಲೆ ‘ಬಿಚ್ಚಿದವನು ಇವನೇ’ ಎಂಬ ವಾದಕ್ಕೆ ಈ ಮಾತು ದಾರಿ ಮಾಡಿಕೊಡುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾಯ್ದೆಗಳ ಜಾಗವನ್ನು ತುಂಬಿವೆ. ಬೆರಳಿನ ಲೆಕ್ಕ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ತಲೆಗಳ ಲೆಕ್ಕ ಮಾತ್ರ ಹಿಂದಕ್ಕೆ ಹೋಗಿದೆ: ವಿದ್ಯುತ್ ಬಳಸುವ ‘ಕಾರ್ಖಾನೆ’ ಎನಿಸಿಕೊಳ್ಳಲು ಇನ್ನು 20 ಜನ ಬೇಕು, ಅಂದರೆ 1922ರ ಸಂಖ್ಯೆಗೇ ಮರಳಿದಂತಾಯಿತು. ಪರಿಹಾರ ಕೇಳಲು ಇಷ್ಟು ಜನರಿರಬೇಕೆಂದಿಲ್ಲವಾದ್ದರಿಂದ ನಾಲ್ಕು ಜನರ ಶೆಡ್ಡಿನ ಕೆಲಸಗಾರನಿಗೆ ಉಳಿದಿರುವ ದಾರಿ ಅದೊಂದೇ, ಮತ್ತು ಆ ದಾರಿ ಆರಂಭವಾಗುವುದು ಆಸ್ಪತ್ರೆಯ ಕೇಸ್ ಪೇಪರಿನಿಂದ. ಮರಾಠಿ ಬಾರದ ಹುಡುಗನ ಪರವಾಗಿ ಅವನನ್ನು ಕರೆತಂದ ಠೇಕೇದಾರನೇ ಮಾತನಾಡಿ, ಗಾಯದ ಕಾರಣದ ಜಾಗದಲ್ಲಿ ‘ರೂಮಿನಲ್ಲಿ ಬಿದ್ದ’ ಎಂದು ಬರೆಸಿಬಿಟ್ಟರೆ, ಮುಂದೆ ವಕೀಲರು ಆ ಒಂದು ಸಾಲನ್ನು ಅಳಿಸಲು ಪಡುವ ಪಾಡು ಅಷ್ಟಿಷ್ಟಲ್ಲ. ಯಾವ ಯಂತ್ರ, ಯಾವ ಕೆಲಸ, ಎಷ್ಟು ಗಂಟೆಗೆ ಎಂಬುದನ್ನು ಮೊದಲ ದಿನವೇ ಬರೆಸಿ, ಜತೆಗೆ ಕೆಲಸ ಮಾಡುವ ಒಬ್ಬರಾದರೂ ಅಲ್ಲಿ ನಿಂತಿರುವುದು ಆ ಕಾರಣಕ್ಕೇ ಅಗತ್ಯ.